ಹೆಣ ಹೊಡೆದ ಸೀಟಿ

ಸತ್ತವರ ಕಿವಿಯನ್ನು ನನ್ನ ಕಿವಿಗೆ ಸಿಕ್ಕಿಸಿಕೊಂಡು ನಾನು ಅಲಾರಂಗೆ ಕಾಯುತ್ತಿದ್ದೆ.

ಉತ್ಪ್ರೇಕ್ಷೆಯಲ್ಲ. ಗಡಿಯಾರದಜ್ಜನ ಹಿಯರಿಂಗ್ ಏಡ್ ಟೆಸ್ಟ್ ಬಾಕ್ಸಿನಲ್ಲಿ ಮಲಗಿತ್ತು. ಅದರಿಂದ ಹೊರಟ ರಬ್ಬರ್ ಕೊಳವೆಯ ತುದಿ ನನ್ನ ಕಿವಿಯಲ್ಲಿತ್ತು. ಕಳೆದ ಬುಧವಾರ ಅಜ್ಜ ತನ್ನ ರಿಪೇರಿ ಅಂಗಡಿಯಲ್ಲಿ, ಹೀಟರಿನ ಹೊಗೆಗೆ ಸಿಕ್ಕು, ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದರು. ಗೋಡೆಯ ಮೇಲಿನ ಹೊಗೆ ಅಲಾರಂ ಇಪ್ಪತ್ತು ನಿಮಿಷ ಕಿರುಚಿತ್ತು. ಎರಡೂ ಕಿವಿಗೆ ಮಿಷಿನ್ ಹಾಕಿಕೊಂಡಿದ್ದ ಅಜ್ಜ ಎದ್ದಿರಲಿಲ್ಲ.

ಆ ಮಿಷಿನ್ನಿಗೆ ಸೆಟ್ಟಿಂಗ್ ಮಾಡಿಕೊಟ್ಟವಳು ನಾನು.

"ಹಾಕಮ್ಮಾ," ಎಂದರು ಇನ್ಸ್‌ಪೆಕ್ಟರ್ ಸಾಹೇಬರು.

ಬಾಕ್ಸಿನೊಳಗೆ ಅದೇ ಅಲಾರಂ ಸದ್ದು ಹೊರಡಿಸುವ ಗುಂಡಿ ಒತ್ತಿದೆ. ಗಡಿಬಿಡಿಯಲ್ಲಿ ಬಾಕ್ಸಿನ ಮುಚ್ಚಳ ಹಾಕುವುದನ್ನೇ ಮರೆತಿದ್ದೆ. ಕಬ್ಬಿಣದ ತಟ್ಟೆಯ ಮೇಲೆ ಸೂಜಿ ಎಳೆದಂಥ ಸದ್ದು ಕೋಣೆಯಲ್ಲೆಲ್ಲ ಹರಡಿತು. ಅಜ್ಜನ ಮಗ ಎರಡೂ ಕಿವಿ ಮುಚ್ಚಿಕೊಂಡು, "ಅಯ್ಯೋ, ಆರ್ಸು!" ಎಂದು ಕೂಗಿದ.

ಸಾಹೇಬರು ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತಲಿಲ್ಲ. "ಎಷ್ಟೊತ್ತಮ್ಮಾ? ಶುರು ಮಾಡು."

ಆಹಾ, ಏನು ಗತ್ತು! ಜೀವಮಾನವೆಲ್ಲ ಸೈರನ್ ಕೇಳಿದವರಿಗೆ ಇದು ಜೋಗುಳ ಇರಬೇಕು ಎಂದುಕೊಂಡು ಅದನ್ನು ಆರಿಸಿ, ಮುಚ್ಚಳ ಹಾಕಿ, ಮತ್ತೆ ಶುರು ಮಾಡಿದೆ.

ಈಗ ಆ ಸದ್ದು ನನಗೊಬ್ಬಳಿಗೇ. ಅಜ್ಜನ ಕಿವಿಯ ಮೂಲಕ.

ಒಂದು. ಜೋರಾಗಿ ಬಂತು.

ಎರಡು. ಯಾರೋ ಅದರ ಬಾಯಿಗೆ ಕೈ ಅಡ್ಡ ಹಿಡಿದಂತಾಯಿತು.

ಮೂರು. ಇಲ್ಲ. ಬಾಕ್ಸಿನೊಳಗೆ ಅಲಾರಂ ಕಿರುಚುತ್ತಲೇ ಇತ್ತು, ಕೆಂಪು ದೀಪ ಉರಿಯುತ್ತಲೇ ಇತ್ತು. ಅಜ್ಜನ ಕಿವಿಯಲ್ಲಿ ಮಾತ್ರ ಬಾವಿಯ ತಳದ ಮೌನ.

ನನ್ನ ಸೆಟ್ಟಿಂಗ್ ಹೇಳಿದ ಕೆಲಸ ಹೇಳಿದಂತೆ ಮಾಡಿತ್ತು. ಹಾಳಾದ್ದು, ಅಷ್ಟು ಚೆನ್ನಾಗಿ ಮಾಡಿತ್ತು.

"ಏನಾಯ್ತು?" ಮಗ ಕೇಳಿದ. ಲಿಫ್ಟ್ ಮೆಕ್ಯಾನಿಕ್ ಆತ; ಉಗುರಿನ ಸಂದಿಯಲ್ಲಿ ಗ್ರೀಸು, ಕಣ್ಣಿನಲ್ಲಿ ನಾಲ್ಕು ದಿನದ ನಿದ್ದೆ. "ಹೇಳು. ಕೇಳಿಸ್ತೋ ಇಲ್ವೋ?"

"ಎರಡು ಸೆಕೆಂಡ್ ಕೇಳಿಸ್ತು ಅಣ್ಣಾ."

"ಆಮೇಲೆ?"



ಹೇಗೆ ಹೇಳಲಿ? ಮಾತು ಏರುತ್ತದೆ, ಇಳಿಯುತ್ತದೆ, ನಡುವೆ ಉಸಿರು ತೆಗೆದುಕೊಳ್ಳುತ್ತದೆ. ಫ್ಯಾನು, ಫ್ರಿಜ್ಜು, ಮೋಟರು ಒಂದೇ ಸಮ ಕೂಗುತ್ತವೆ. ಮಿಷಿನ್ನಿಗೆ ಗೊತ್ತಿರುವ ವ್ಯತ್ಯಾಸ ಅಷ್ಟೇ. ಏರಿಳಿಯುವುದನ್ನು ಎತ್ತಿ ಕೊಡುತ್ತದೆ, ಒಂದೇ ಸಮ ಅಳುವುದನ್ನು ಗದ್ದಲ ಎಂದು ಒರೆಸಿ ಹಾಕುತ್ತದೆ. ಅಲಾರಂ ಒಂದೇ ಸಮ ಅಳುತ್ತಿತ್ತು. ಮಿಷಿನ್ ನಂಬಲಿಲ್ಲ.

"ಪಕ್ಕದ ಟೈಲರ್ ಅಂಗಡಿ ಮಿಷಿನ್ ಸದ್ದು ತಲೆ ತಿನ್ನುತ್ತೆ ಅಂತ ಅಜ್ಜ ದೂರಿದ್ರು. ಅದಕ್ಕೇ ಗದ್ದಲ ತಗ್ಗಿಸೋದನ್ನ ಪೂರ್ತಿ ಏರ್ಸಿದ್ದೆ," ಎಂದೆ.

"ಅಂದ್ರೆ ನಮ್ಮಪ್ಪನ್ನ ಕೊಂದಿದ್ದು ನೀನೇ."

ಸಿನಿಮಾದಲ್ಲಾಗಿದ್ದರೆ ಇಲ್ಲಿ ಗುಡುಗು ಬರುತ್ತಿತ್ತು. ನಮ್ಮದು ಕಿವಿ ಪರೀಕ್ಷೆಯ ಕೋಣೆ. ಗೋಡೆಗೆಲ್ಲ ಸ್ಪಂಜು, ಫ್ರಿಜ್ಜಿನ ಹಾಗೆ ದಪ್ಪ ಬಾಗಿಲು, ಒಂದೇ ಒಂದು ಗಾಜಿನ ಕಿಟಕಿ. ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಮ್ಮ ಗೋಡೆಗಳಿಗೆ ಹುಟ್ಟುಕಿವುಡು. ಇಲ್ಲಿ ಅತ್ತರೂ ಕಿರುಚಿದರೂ ಹೊರಗಿನವರಿಗೆ ತಿಳಿಯದು. ಸಾಹೇಬರು ಒಳಗೆ ಬಂದಾಗ ಇದೇ ಮಾತನ್ನು ನಾನೇ ಹೆಮ್ಮೆಯಿಂದ ಹೇಳಿದ್ದೆ. ಡಾಕ್ಟ್ರಮ್ಮ ಮೂರು ಗಂಟೆಗೆ ಬರುತ್ತೇನೆಂದು ಹೊರಗಿನ ಕೋಣೆಯ ದೀಪ ಆರಿಸಿ ಊಟಕ್ಕೆ ಹೋಗಿದ್ದರು. ಕಿಟಕಿಯ ಗಾಜಿನಾಚೆ ಬರೀ ಕತ್ತಲೆ.

ಸಾಹೇಬರು ಕಾಗದವನ್ನು ನನ್ನ ಮುಂದಿಟ್ಟು, ಅದರ ಮೇಲೆ ಪೆನ್ನಿಟ್ಟರು. ಯಾರ ಜೊತೆ ಮಾತಾಡಿದರೂ ಎದುರಿಗೇ ಬಂದು ನಿಂತು, ಮುಖ ನೋಡಿ ಮಾತಾಡುವ ಮನುಷ್ಯ. ಆ ಅಭ್ಯಾಸವೇ ಅರ್ಧ ಜನರನ್ನು ಬಾಯಿ ಬಿಡಿಸುತ್ತಿತ್ತೇನೋ.

"ನೋಡು ಮರಿ, ನೀನು ಬೇಕಂತ ಮಾಡಿಲ್ಲ, ನನಗೆ ಗೊತ್ತು. 'ಮಿಷಿನ್ ಅಲಾರಂ ಸದ್ದನ್ನ ತಡೆದಿದೆ' ಅಂತ ಎರಡು ಸಾಲು. ಒಂದು ಸಹಿ. ಕೇಸು ಮುಗೀತು. ಇವರಿಗೂ ಸಮಾಧಾನ."

"ನನಗೆ?"

"ಕೆಲಸ ಹೋಗ್ಬೋದು. ಕೋರ್ಟಿಗೆ ಒಂದೆರಡು ಸಲ ಬರ್ಬೇಕಾಗ್ಬೋದು. ವಯಸ್ಸಿದೆ, ಬೇರೆ ಕೆಲಸ ಸಿಗುತ್ತೆ."

ಬೇರೆ ಕೆಲಸ ಸಿಗುತ್ತದೆ. ಬೇರೆ ಕಿವಿ ಸಿಗುವುದಿಲ್ಲವಲ್ಲ. ನಾಲ್ಕು ದಿನದಿಂದ ನಲ್ಲಿ ತಿರುಗಿಸಿದರೂ, ಬಸ್ಸು ಬ್ರೇಕ್ ಹಾಕಿದರೂ ನನಗೆ ಆ ಅಲಾರಮ್ಮೇ ಕೇಳುತ್ತಿತ್ತು. ಮೂರು ಸೆಕೆಂಡ್ ಎಣಿಸುತ್ತಿದ್ದೆ. ನನ್ನ ತಲೆಯೊಳಗೆ ಅದು ನಿಲ್ಲುತ್ತಿರಲಿಲ್ಲ.

ಪೆನ್ನು ಎತ್ತಿಕೊಂಡೆ. ಮತ್ತೆ ಇಟ್ಟೆ.

"ಸಾರ್, ಅಜ್ಜನ ಮುಂದೆ ಮೇಜಿನ ಮೇಲೆ ಒಂದು ವಾಚು ಬಿಚ್ಚಿಟ್ಟಿತ್ತು ಅಂದ್ರಲ್ಲ?"

"ಇತ್ತು. ಅದಕ್ಕೇನು?"

"ಕೆಲಸಕ್ಕೆ ಕೂತ್ರೆ ಅಜ್ಜ ಮಿಷಿನ್ನಿನ ಗುಂಡಿ ಒತ್ತಿ ಎರಡನೇ ಪ್ರೋಗ್ರಾಂಗೆ, ಅಂದ್ರೆ ಇನ್ನೊಂದು ಸೆಟ್ಟಿಂಗಿಗೆ, ಹೋಗೋರು. ಅದರಲ್ಲಿ ನಾನು ಏನನ್ನೂ ತಗ್ಗಿಸಿಲ್ಲ. ಸದ್ದು ತಗ್ಗಿಸಿದ್ರೆ ಟಿಕ್ ಟಿಕ್ ಕೂಡ ಹೋಗ್ಬಿಡುತ್ತೆ, ವಾಚಿನ ನಾಡಿ ಹೇಗೆ ಹಿಡೀಲಿ ಅಂತ ಜಗಳ ಆಡಿ ಹಾಕಿಸ್ಕೊಂಡಿದ್ರು. ಒಂದನೇದು ಮನುಷ್ಯರ ಕಿವಿ, ಎರಡನೇದು ಗಡಿಯಾರದ ಕಿವಿ ಅನ್ನೋರು."

ಮಗನ ಮುಖ ಸಡಿಲವಾಯಿತು. "ಹೌದು. ನಾನು ಏನಾದ್ರೂ ಬೈದ್ರೆ, 'ತಡಿ, ಗಡಿಯಾರದ ಕಿವೀಲಿದ್ದೀನಿ, ನಿನ್ನ ಮಾತು ಕರ್ಕಶ' ಅನ್ನೋರು."

"ಗಡಿಯಾರದ ಕಿವೀಲಿದ್ದಿದ್ರೆ ಅಲಾರಂ ಕುರ್ಚಿ ಸಮೇತ ಎಬ್ಬಿಸ್ತಿತ್ತು ಸಾರ್."

"ಗುಂಡಿ ಒತ್ತೋದು ಮರೆತಿರ್ತಾರೆ," ಎಂದರು ಸಾಹೇಬರು. "ವಯಸ್ಸಾದವರು."

ಮರೆತಿರಬಹುದು. ಆದರೂ ಒಂದು ಎಳೆ ಸಿಕ್ಕಿತ್ತು. ಎಳೆ ಸಿಕ್ಕಿದರೆ ಸ್ವೆಟರನ್ನೇ ಬಿಚ್ಚುವವಳು ನಾನು.

"ಟೈಲರಕ್ಕನ ಹೇಳಿಕೆ ಇದೆಯಲ್ಲ ಸಾರ್, ಒಂಚೂರು ಓದ್ತೀರಾ?"

ಸಾಹೇಬರು ಬೇಸರದಿಂದ ಫೈಲು ತಿರುವಿದರು. "'ಹೊಲಿಗೆ ಮಿಷಿನ್ ಸದ್ದಲ್ಲಿ ಮೊದಲು ಗೊತ್ತಾಗಲಿಲ್ಲ. ನಿಲ್ಲಿಸಿದ ಮೇಲೆ ಅಲಾರಂ ಕೇಳಿಸ್ತು. ಹೋಗಿ ಬಾಗಿಲು ತೆಗೆದೆ. ಹಿಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಲಾರಂ ಕಿತ್ತು ನಿಲ್ಲಿಸಿದೆ. ಆಮೇಲೂ...'" ಅವರು ನಕ್ಕರು. "ಬಿಡಮ್ಮ, ಹೆದರಿದ ಹೆಂಗಸು, ಏನೇನೋ ಹೇಳಿದ್ದಾಳೆ."

"ಏನು ಹೇಳಿದ್ದಾರೆ?"

"'ಆಮೇಲೂ ಒಂದು ಸೀಟಿ ಕೇಳ್ತಾನೇ ಇತ್ತು. ಎಲ್ಲಿಂದ ಅಂತ ಹುಡುಕಿದ್ರೆ, ಹೆಣದಿಂದ.'"

ಚಿತ್ರ ಕಣ್ಣಿಗೆ ಕಟ್ಟಿತು. ಬಾಯಿ ತೆರೆದುಕೊಂಡು, ಕತ್ತು ವಾಲಿಸಿ ಕೂತಿರುವ ಅಜ್ಜ. ಸುತ್ತ ನೂರು ಗಡಿಯಾರ. ನಡುವೆ ಅಜ್ಜನಿಂದ ಹೊರಡುತ್ತಿರುವ ಸಣ್ಣ, ನಿಲ್ಲದ ಸೀಟಿ.

ನನ್ನ ತೋಳಿನ ಕೂದಲು ನೆಟ್ಟಗಾಯಿತು. ಹೆದರಿಕೆಯಿಂದಲ್ಲ. ಆ ಸೀಟಿ ನನಗೆ ಗೊತ್ತು. ಅದರ ಜೊತೆಗೇ ನನ್ನ ಸಂಸಾರ.

"ಅದು ದೆವ್ವ ಅಲ್ಲ ಸಾರ್. ಮಿಷಿನ್. ಕಿವಿ ಅಳತೆಗೆ ಮಾಡಿದ ಅಚ್ಚು ಸರಿಯಾಗಿ ಕೂರದೆ ಹೋದ್ರೆ, ಒಳಗೆ ಹೋಗಬೇಕಾದ ಸದ್ದು ಸಂದೀಲಿ ಆಚೆ ಬರುತ್ತೆ. ಆಚೆ ಬಂದಿದ್ದನ್ನ ಮೈಕು ಮತ್ತೆ ಹಿಡಿಯುತ್ತೆ. ಸುತ್ತಿ ಸುತ್ತಿ ಸೀಟಿಯಾಗುತ್ತೆ. ಚೂರುಪಾರು ಆದ್ರೆ ಮಿಷಿನ್ನೇ ನುಂಗ್ಕೊಳ್ಳುತ್ತೆ. ಅಚ್ಚು ಪೂರ್ತಿ ತಪ್ಪಿದ್ರೆ ಅದರ ಕೈಲೂ ಆಗಲ್ಲ."

"ಏನಂದೆ? ಈಕಡೆ ತಿರುಗಿ ಹೇಳು."

ನಾನು ಲ್ಯಾಪ್‌ಟಾಪಿನ ಕಡೆ ಬಗ್ಗಿದ್ದೆ. ತಿರುಗಿದೆ. "ನಿಮ್ಮ ಪಟ್ಟಿ ನೋಡಬೇಕು ಅಂದೆ ಸಾರ್. ಹೆಣದ ಮೇಲೆ ಏನೇನು ಸಿಕ್ತು ಅನ್ನೋ ಪಟ್ಟಿ."

ಕಾನ್‌ಸ್ಟೇಬಲ್ ಒಬ್ಬರು ಗುಂಡಗಿನ ಅಕ್ಷರದಲ್ಲಿ ಬರೆದಿದ್ದರು. ದೇವರು ಅವರನ್ನು ನೂರು ವರ್ಷ ಇಟ್ಟಿರಲಿ. 'ಬಲಗಿವಿ: ಮಿಷಿನ್ ಒಂದು, ನೀಲಿ ಚುಕ್ಕೆ. ಎಡಗಿವಿ: ಮಿಷಿನ್ ಒಂದು, ಕೆಂಪು ಚುಕ್ಕೆ.'

ಅಕ್ಷರಗಳು ಕುಣಿದವು.

"ಅಣ್ಣಾ, ಕೆಂಪು ಬಲಕ್ಕೆ, ನೀಲಿ ಎಡಕ್ಕೆ. ನಮ್ಮ ಕಸುಬಿನಲ್ಲಿ ಮೊದಲ ಪಾಠ ಇದು. ಹನ್ನೊಂದು ವರ್ಷ ಹಾಕಿದ ಅಜ್ಜ ನಿದ್ದೆಗಣ್ಣಲ್ಲೂ ತಪ್ಪಲ್ಲ. ಎಡಗೈ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡ ಹಾಗೆ ಅದು, ಒಂದು ಹೆಜ್ಜೆ ಇಡೋಕಾಗಲ್ಲ."

ಗಾಬರಿಯಲ್ಲಿ 'ಎಡಗೈ ಚಪ್ಪಲಿ' ಎಂದಿದ್ದೆ. ಯಾರೂ ನಗಲಿಲ್ಲ.

"ಅಂದ್ರೆ?" ಮಗನ ದನಿ ಇಳಿದಿತ್ತು.

"ಅಂದ್ರೆ ಅಜ್ಜ ಹಾಕ್ಕೊಂಡಿಲ್ಲ. ಯಾರೋ ಹಾಕಿದ್ದಾರೆ."

"ಕಥೆ ಕಟ್ಟಬೇಡ," ಎಂದರು ಸಾಹೇಬರು. ಅವರ ಬೆರಳು ಪೆನ್ನನ್ನು ನನ್ನತ್ತ ಒಂದು ಇಂಚು ತಳ್ಳಿತು. "ಸಹಿ."

"ಹಾಕ್ತೀನಿ ಸಾರ್. ರಿಪೋರ್ಟು ಅಂದ್ಮೇಲೆ ಒಂದೆರಡು ನಂಬರ್ ಇರ್ಬೇಕಲ್ವಾ? ಇಲ್ಲಾಂದ್ರೆ ಜಡ್ಜು ನಗ್ತಾರೆ."

ಮಿಷಿನ್ ದಿನವಿಡೀ ಸುಮ್ಮನೆ ಕೂರುವುದಿಲ್ಲ. ತಾನು ಎಷ್ಟು ಹೊತ್ತು ಯಾವ ಥರದ ಸದ್ದಿನಲ್ಲಿದ್ದೆ ಎಂದು ಲೆಕ್ಕ ಇಟ್ಟುಕೊಳ್ಳುತ್ತದೆ. ಮಾತುಗಳನ್ನಲ್ಲ, ಬರೀ ಮಾತಿತ್ತೋ, ಮೌನವೋ, ಗದ್ದಲವೋ, ಅಷ್ಟೇ. ಬುಧವಾರ ಬೆಳಿಗ್ಗೆ ಅಜ್ಜ ಕ್ಲೀನಿಂಗಿಗೆ ಬಂದಾಗ ಹಳೆಯ ಲೆಕ್ಕವನ್ನು ನಾನೇ ಅಳಿಸಿದ್ದೆ. ಹೋಗುವಾಗ ಅಜ್ಜ, "ಪುಟ್ಟೀ, ಈ ಡಬ್ಬಿ ನನ್ನ ಚಾಡಿ ಹೇಳುತ್ತಂತಲ್ಲ?" ಎಂದು ಕಣ್ಣು ಹೊಡೆದಿದ್ದರು.

ಹೇಳು ಡಬ್ಬೀ. ಇವತ್ತು ಹೇಳು.

ಪರದೆ ಬೆಳಗಿತು.

ಆನ್ ಆದದ್ದು: ಎರಡು ಸಲ.

ಬೆಳಿಗ್ಗೆ ಒಂದು ಸಲ ನನ್ನ ಕೈಯಿಂದ. ಇನ್ನೊಂದು ಸಲ? ಹಗಲು ಹೊತ್ತಿನಲ್ಲಿ ಮಿಷಿನ್ ಬಿಚ್ಚಿದ ಮನುಷ್ಯನೇ ಅಲ್ಲ ಅವರು. ಯಾರೋ ಬಿಚ್ಚಿದ್ದಾರೆ. ಮತ್ತೆ ಆನ್ ಮಾಡಿದ್ದಾರೆ. ಆನ್ ಆದಾಗಲೆಲ್ಲ ಮಿಷಿನ್ ಒಂದನೇ ಪ್ರೋಗ್ರಾಮಿನಲ್ಲೇ ಕಣ್ಣು ಬಿಡುತ್ತದೆ. ಮನುಷ್ಯರ ಕಿವಿ.

ಕೆಳಗೆ ಜಾರಿದೆ. ಮೌನ. ಬರೀ ಮಾತು, ನಾಲ್ಕು ನಿಮಿಷ. ಕೊನೆಯ ಸಾಲು ನೋಡಿ ಕೈ ಮೌಸಿನ ಮೇಲೇ ನಿಂತಿತು.

ಗದ್ದಲದಲ್ಲಿ ಮಾತು: ಇಪ್ಪತ್ತು ನಿಮಿಷ. ಎರಡನೇ ಸಲ ಆನ್ ಆದ ಮೇಲೆ.

ಆ ಅಂಗಡಿಯಲ್ಲಿ ಇಪ್ಪತ್ತು ನಿಮಿಷದ ಗದ್ದಲ ಒಂದೇ ಇತ್ತು: ಅಲಾರಂ. ಅದು ಕಿರುಚುತ್ತಿದ್ದಷ್ಟು ಹೊತ್ತೂ ಯಾರೋ ಹಿಂಬಾಗಿಲ ಗಾಳಿಗೆ, ಅಜ್ಜನ ಎದುರು ಕೂತು ಮಾತಾಡಿದ್ದಾರೆ. ಹೊಗೆ ಕುಡಿದು ಕೈಕಾಲು ಸೋತ ಅಜ್ಜ ಏಳಲಾರರು, ಕೇಳಬಲ್ಲರು. ಕೇಳಲಿ ಎಂದೇ ಕಿವಿಗೆ ಮಿಷಿನ್ ಸಿಕ್ಕಿಸಿದ್ದಾರೆ.

ನನ್ನ ಸೆಟ್ಟಿಂಗ್ ಅವತ್ತು ತಪ್ಪು ಮಾಡಿರಲಿಲ್ಲ. ಅಲಾರಮ್ಮನ್ನು ಒರೆಸಿತ್ತು. ಸೀಟಿಯ ನಡುವೆಯೂ ಎದುರಿಗಿದ್ದವನ ಮಾತನ್ನು ತೊಳೆದು, ಅಕ್ಷರ ಅಕ್ಷರ ಬಿಡಿಸಿ, ಸಾಯುತ್ತಿದ್ದ ಮನುಷ್ಯನ ತಲೆಯೊಳಗೆ ಇಟ್ಟಿತ್ತು. ಅಜ್ಜ ಲೋಕದಲ್ಲಿ ಕೊನೆಗೆ ಕೇಳಿದ್ದು ಅದೊಂದೇ ದನಿ. ಅದು ಅಷ್ಟು ಸ್ಪಷ್ಟವಾಗಿ ಕೇಳುವಂತೆ ಮಾಡಿದವಳು ನಾನು.

"ಏನಿದೆ ಅದರಲ್ಲಿ?" ಮಗ ಬಗ್ಗಿದ.

ನಾನು ಪರದೆ ಮುಚ್ಚಿದೆ. ಯಾಕೆಂದರೆ ಅಪ್ಪನ ಅಂಗಡಿಗೆ ಹಿಂಬಾಗಿಲಿನಿಂದ ಸದ್ದಿಲ್ಲದೆ ಹೋಗಿ ಬರಬಲ್ಲವರು ಯಾರು? ಅಪ್ಪನಿಗೆ ಇಪ್ಪತ್ತು ನಿಮಿಷ ಹೇಳುವಷ್ಟು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವರು ಯಾರು? ದೂರು ಕೊಟ್ಟ ಮಗನೇ ಎದುರಿಗಿದ್ದ.

ಮೂಲೆಯಲ್ಲಿ ಬೋಳಣ್ಣ ನಿಂತಿದ್ದ. ಬೋಳಣ್ಣ ಅಂದರೆ ರಬ್ಬರಿನ ತಲೆ. ಅಚ್ಚು ಕೂರಿಸುವುದನ್ನು ಕಲಿಸಲು ಇಟ್ಟಿದ್ದೇವೆ; ಅದರ ಮೆತ್ತಗಿನ ಕಿವಿ ಆಯಾ ಕಡೆಯ ಯಾವ ಅಚ್ಚಿಗೂ ಒಗ್ಗಿಕೊಳ್ಳುತ್ತದೆ. ಅದನ್ನು ತಂದು ಮೇಜಿನ ಮೇಲೆ ಇಟ್ಟು, ಅಜ್ಜನ ಎರಡೂ ಮಿಷಿನ್ ಆನ್ ಮಾಡಿ ಮಗನ ಕೈಗೆ ಕೊಟ್ಟೆ.

"ಹಾಕಿ ಅಣ್ಣಾ."

"ನಾನ್ಯಾಕೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಾ? ಹಾಕಿ."

ಆತ ನನ್ನನ್ನು ನುಂಗುವಂತೆ ನೋಡಿದ. ಆಮೇಲೆ ಬೋಳಣ್ಣನ ಹಿಂದೆ ಹೋಗಿ ನಿಂತ. ಕೆಂಪನ್ನು ಬಲಗಿವಿಗೆ. ಅಚ್ಚಿನ ಮೇಲೆ ಕೊಂಬಿನಂತೆ ಚಾಚಿದ ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿದ. ನೀಲಿಯನ್ನು ಎಡಕ್ಕೆ. ಒಂದು ಕಿರುಗುಟ್ಟುವಿಕೆಯೂ ಇಲ್ಲ.

"ಹೋದ ವರ್ಷ ಅಪ್ಪ ಕೈ ಮುರ್ಕೊಂಡಾಗ ಎರಡು ತಿಂಗಳು ನಾನೇ ಹಾಕ್ತಿದ್ದೆ," ಎಂದ. ಕೈ ಬೋಳಣ್ಣನ ತಲೆಯ ಮೇಲೇ ಇತ್ತು. "ದಿನಾ ಬೈಸ್ಕೊಂಡು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವನಲ್ಲ. ಇವನು ಕಣ್ಣು ಮುಚ್ಚಿದರೂ ತಪ್ಪುವವನಲ್ಲ.

"ಮುಗೀತಾ ನಿಮ್ಮ ನಾಟಕ?" ಸಾಹೇಬರಿಗೆ ಸಾಕಾಗಿತ್ತು. "ಕೆಂಪಂತೆ, ನೀಲಿಯಂತೆ! ಅವಸರದಲ್ಲಿ ಯಾರಿಗಾದ್ರೂ ತಪ್ಪುತ್ತೆ. ಇದೇನು ರಾಕೆಟ್ಟಾ? ಕೊಡಿಲ್ಲಿ."

ಎರಡನ್ನೂ ಕಿತ್ತು ತೆಗೆದರು. ಬೋಳಣ್ಣನ ಎದುರಿಗೆ ಬಂದು ನಿಂತರು. ಯಾವಾಗಲೂ ಎದುರಿಗೇ. ಕೆಂಪನ್ನು ತಮ್ಮ ಬಲಗೈಯಲ್ಲಿ ಹಿಡಿದು ನೇರ ಮುಂದೆ ಚಾಚಿ ತುರುಕಿದರು. ಎದುರಿಗೆ ನಿಂತವರ ಬಲಗೈ ಮುಂದೆ ಬರುವುದು ಬೋಳಣ್ಣನ ಎಡಗಿವಿ. ನೀಲಿ ಬಲಕ್ಕೆ ಹೋಯಿತು.

ಬೋಳಣ್ಣ ಸೀಟಿ ಹೊಡೆಯತೊಡಗಿದ.

ಎರಡೂ ಕಿವಿಯಿಂದ. ಸಣ್ಣಗೆ, ಹರಿತವಾಗಿ, ಹಲ್ಲಿನ ಬೇರಿಗೆ ತಾಗುವಂತೆ. ಮಗ ಮುಖ ಕಿವುಚಿ ಹಿಂದೆ ಸರಿದ. ನಾನು ಕಿವಿಗೆ ಕೈ ಇಟ್ಟುಕೊಳ್ಳಲು ಹೋದೆ.

ಸಾಹೇಬರು ಕೈ ಝಾಡಿಸಿ ನಗುತ್ತಿದ್ದರು.

"ನೋಡು. ಕೂತ್ಕೊಂಡ್ವಲ್ಲ? ಒಂದು ಸದ್ದಿದೆಯಾ? ಎಷ್ಟು ಸೈಲೆಂಟಾಗಿದೆ!"

ನನ್ನ ಕೈ ಅರ್ಧದಲ್ಲೇ ನಿಂತಿತು.

ಮುಚ್ಚಳ ತೆರೆದಿದ್ದಾಗ ಕಿರುಚಿದ ಅಲಾರಂ ಇವರಿಗೆ ಕೇಳಿರಲಿಲ್ಲ. ಲ್ಯಾಪ್‌ಟಾಪಿನತ್ತ ಬಗ್ಗಿ ಹೇಳಿದ ಮಾತು ಕೇಳಿರಲಿಲ್ಲ. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಹಾಗಲ್ಲ ಇದು. ವರ್ಷಗಟ್ಟಲೆ ಗುಂಡು ಹಾರಿಸಿದವರ ಕಿವಿಯಲ್ಲಿ ಕೀಚಲು ಸ್ವರಗಳು ಮೊದಲು ಸಾಯುತ್ತವೆ, ದಿನಕ್ಕೊಬ್ಬರನ್ನು ನೋಡುತ್ತೇನೆ. ಅಂಥವರು ಎದುರಿಗೆ ನಿಂತು ತುಟಿ ನೋಡಿ ಮಾತು ತುಂಬಿಸಿಕೊಳ್ಳುತ್ತಾರೆ.

ಆ ಅಲಾರಮ್ಮಿನ ಕೆಳಗೆ ಇಪ್ಪತ್ತು ನಿಮಿಷ ಕೂರಲು ಯಾವ ಮನುಷ್ಯನಿಂದಲೂ ಆಗದು. ಅದು ಕೇಳಿಸದವನಿಂದ ಆಗುತ್ತದೆ. ಸೀಟಿ ಹೊಡೆಯುವ ಹೆಣವನ್ನು ಹಾಗೇ ಬಿಟ್ಟು ಯಾರೂ ಹೋಗರು. ಸೀಟಿ ಕೇಳಿಸದವನು ಹೋಗುತ್ತಾನೆ. ಅಜ್ಜನ ಮೇಲೆ ಇವರಿಗೆ ಯಾವ ಹಗೆಯೋ ನನಗೆ ಗೊತ್ತಿಲ್ಲ; ಕೂತಿದ್ದವರು ಇವರೇ.

"ಸಾಹೇಬ್ರೇ, ಈ ಸೀಟಿ ನಿಮ್ಗೆ..." ಮಗ ಬಾಯಿ ತೆರೆದ. ಅವನ ಕಾಲನ್ನು ಜೋರಾಗಿ ತುಳಿದೆ.

"ಸಹಿ ಹಾಕ್ತೀನಿ ಸಾರ್," ಎಂದೆ, ಅವರ ಮುಖ ನೋಡಿ, ಹಲ್ಲು ಬಿಟ್ಟು. "ಕನ್ನಡಕ ತಗೋತೀನಿ."

ಪೆನ್ನು ಎತ್ತಿಕೊಂಡು, ಅವರಿಗೆ ಬೆನ್ನು ಹಾಕಿ ಕಿಟಕಿಯ ಕಟ್ಟೆಯತ್ತ ತಿರುಗಿದೆ. ಮಗ ನನ್ನ ಪಕ್ಕದಲ್ಲೇ ಇದ್ದ. ತುಟಿ ಅಲುಗಿಸಿದೆನಷ್ಟೇ, ಉಸಿರಿನಷ್ಟು ಸದ್ದಿನಲ್ಲಿ.

"ಅಣ್ಣಾ, ನಗ್ತಾ ಇರಿ. ಅವತ್ತು ಅಪ್ಪನ ಹತ್ರ ಇದ್ದಿದ್ದು ಇವರೇ. ನಾನು ಪೆನ್ನು ಬೀಳಿಸ್ತೀನಿ. ನೀವು ಬಾಗಿಲಿಗೆ ಓಡಿ."

ಅವನು ನಕ್ಕ. ಅಳುವುದಕ್ಕಿಂತ ಕೆಟ್ಟದಾಗಿ.

ನಾನು ಪೆನ್ನು ಬೀಳಿಸಿದೆ. ಅದು ಉರುಳುತ್ತಾ ಹೋಗಿ ಒಂದು ಬೂಟಿಗೆ ತಾಗಿ ನಿಂತಿತು.

ಬೂಟು ಬಾಗಿಲಿಗೆ ಅಡ್ಡವಾಗಿತ್ತು.

ದಪ್ಪ ಬಾಗಿಲಿನ ಹಿಡಿ ಮೇಲೆತ್ತಿ ಒಳಗಿನಿಂದ ಬಿಗಿಯುತ್ತಾ ಸಾಹೇಬರು ತಣ್ಣಗೆ ಕೇಳಿದರು. "ಬಾಗಿಲಿಗೆ ಯಾಕಮ್ಮಾ ಓಡ್ಬೇಕು?"

ತಲೆ ಎತ್ತಿದೆ. ಕಿಟಕಿಯಾಚೆ ಕತ್ತಲೆ. ಕತ್ತಲೆಗೆ ಗಾಜು ಕನ್ನಡಿಯಾಗಿತ್ತು. ಅದರೊಳಗೆ ನನ್ನ ಮುಖ, ನನ್ನ ತುಟಿ. ಹೆಗಲಿನ ಮೇಲೆ, ಆ ತುಟಿಯನ್ನೇ ನೋಡುತ್ತಿದ್ದ ಎರಡು ಕಣ್ಣು.

ಬೋಳಣ್ಣ ಸೀಟಿ ಹೊಡೆಯುತ್ತಲೇ ಇದ್ದ. ಹೊರಗೆ ಯಾರಿಗೂ ಅದು ಕೇಳುವಂತಿರಲಿಲ್ಲ.